ಗಾಳಿ ಬಿಡೋದು ಸುಲಭ, ತುಂಬೋದೇ ಗೋಳು: ವ್ಯಾನಿಗೆ ಇಟ್ಟುಕೊಂಡ 12 ವೋಲ್ಟ್ ಕಂಪ್ರೆಸರ್

ಮೊದಲೇ ಹೇಳಿಬಿಡುತ್ತೇನೆ. ಮಣ್ಣು ರಸ್ತೆಗೆ ಇಳಿಸಿದ ಟೈರಿನ ಗಾಳಿಯನ್ನು ವಾಪಸ್ ಡಾಂಬರಿಗೆ ಬಂದ ಮೇಲೆ ತುಂಬುವುದಕ್ಕೆ ಇಟ್ಟುಕೊಂಡ ಈ ಕಂಪ್ರೆಸರಿನ ಮೋಟರು ಚೆನ್ನಾಗಿದೆ, ಪೈಪಿನ ತುದಿಯಲ್ಲಿರುವ ಹಿತ್ತಾಳೆ ಮೂತಿ ಮಾತ್ರ ದರಿದ್ರ. ವರ್ಷಗಟ್ಟಲೆ ಬಳಸಿದರೂ ಆ ಮೂತಿಯ ಮೇಲಿನ ಸಿಟ್ಟು ಇಳಿದಿಲ್ಲ. ಬ್ರ್ಯಾಂಡ್ ಯಾವುದು ಅಂತ ಕೇಳಬೇಡಿ, ಇದೇ ಯಂತ್ರ ಬೇರೆ ಬೇರೆ ಬಣ್ಣದಲ್ಲಿ, ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಮೂತಿ ಮಾತ್ರ ಅದೇ. ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಆಂಪಿಯರ್ ಎಲ್ಲ ಡಬ್ಬಿಯ ಮೇಲೇ ಇರುತ್ತದೆ, ಓದಿಕೊಳ್ಳಿ.

ನನ್ನದು ಒಳಗೆ ಮಂಚ, ಅಡುಗೆ ಕಟ್ಟೆ ಎಲ್ಲ ಕಟ್ಟಿಕೊಂಡಿರುವ ಉದ್ದನೆಯ ವ್ಯಾನು. ನೀರಿನ ಟ್ಯಾಂಕು, ಹೆಚ್ಚುವರಿ ಬ್ಯಾಟರಿ, ಸಾಮಾನು ಎಲ್ಲ ಹಿಂದಿನ ಆಕ್ಸಲ್ ಮೇಲೇ ಕೂತಿವೆ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಟೈರಿನ ಗಾಳಿಯ ಒತ್ತಡ ಎಷ್ಟಿರಬೇಕು ಅನ್ನುವ ಸ್ಟಿಕರ್ ಇದೆ: ಮುಂದೆ 50 ಪಿಎಸ್‌ಐ, ಹಿಂದೆ 65. ಟೈರಿನ ಮೈಮೇಲೆ 80 ಅಂತ ಬರೆದಿದೆಯಲ್ಲ, ಅಷ್ಟು ಯಾಕೆ ತುಂಬಿಸಿಲ್ಲ ಅಂತ ಕೇಳುವವರು ಎಲ್ಲ ಕಡೆ ಸಿಗುತ್ತಾರೆ. ಆ 80 ಟೈರಿನ ಮಿತಿ. ಅಷ್ಟು ಗಾಳಿ ಇದ್ದಾಗ ಅದು ಗರಿಷ್ಠ ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ಅಂಕಿ ಅದು. ನಿಮ್ಮ ವ್ಯಾನು ಯಾವುದು, ಎಷ್ಟು ತೂಕ ಅಂತ ಟೈರಿಗೆ ಹೇಗೆ ಗೊತ್ತಿರಬೇಕು?

ತೂಕ ಗೊತ್ತಾಗಬೇಕು ಅಂದರೆ ವೇಬ್ರಿಡ್ಜಿಗೆ ಹೋಗಲೇಬೇಕು, ಅಂದಾಜು ನಡೆಯುವುದಿಲ್ಲ. ನೀರು ತುಂಬಿ, ಡೀಸೆಲ್ ತುಂಬಿ, ಜೊತೆಗೆ ಬರುವವರನ್ನೂ ಕೂರಿಸಿಕೊಂಡು ಹೋಗಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಪೂರ್ತಿ ಹತ್ತಿಸಿ ಇನ್ನೊಂದು, ಕಳೆದರೆ ಹಿಂದಿನದು ಸಿಗುತ್ತದೆ. ಆಮೇಲೆ ಟೈರ್ ಕಂಪನಿಯವರು ಕೊಡುವ ಲೋಡ್ ಟೇಬಲ್ ತೆಗೆದು ನಿಮ್ಮ ಸೈಜಿನ ಸಾಲು ನೋಡಿ. ನನಗೆ ಬಂದ ಲೆಕ್ಕ ಸ್ಟಿಕರಿಗಿಂತ ಸ್ವಲ್ಪ ಕಡಿಮೆ. ಆದರೂ ಡಾಂಬರಿನ ಮೇಲೆ ನಾನು ಸ್ಟಿಕರ್ ಅಂಕಿಗಿಂತ ಕೆಳಗೆ ಹೋಗುವುದಿಲ್ಲ. ಟೇಬಲ್ ಹೇಳುವುದು ಆ ಭಾರಕ್ಕೆ ಬೇಕಾದ ಕನಿಷ್ಠ ಗಾಳಿ, ನಮ್ಮ ಭಾರ ದಿನಕ್ಕೊಂದು ತರಹ ಇರುತ್ತದೆ. ಟೈರಿನ ಜಾತಿಯನ್ನೇ ಬದಲಾಯಿಸಿದ್ದರೆ, ಅಂದರೆ ಕಂಪನಿ ಹಾಕಿಕೊಟ್ಟ ಸಿ ಟೈರ್ (ಸರಕು ವ್ಯಾನುಗಳ ಟೈರ್) ತೆಗೆದು ಎಲ್‌ಟಿ ಟೈರ್ (ಲೈಟ್ ಟ್ರಕ್ ಟೈರ್) ಹಾಕಿಸಿದ್ದರೆ, ಸ್ಟಿಕರ್ ಅಂಕಿಯನ್ನು ಹಾಗೇ ನಂಬಬೇಡಿ, ಟೇಬಲ್ ಮತ್ತೆ ನೋಡಿ.

ಇನ್ನು ದಿನದ ಕೆಲಸಕ್ಕೆ ಬರೋಣ. ಬೆಳಿಗ್ಗೆ ಎದ್ದ ತಕ್ಷಣ, ಬಿಸಿಲು ಚಕ್ರಕ್ಕೆ ಬೀಳುವ ಮೊದಲು, ಗೇಜ್ ಹಿಡಿದು ಒಂದು ಸುತ್ತು ಹಾಕುತ್ತೇನೆ. ಯಾವಾಗಲೂ ಅದೇ ಗೇಜ್. ಅದು ಒಂದು ಪಿಎಸ್‌ಐ ಸುಳ್ಳು ಹೇಳಿದರೂ ಪರವಾಗಿಲ್ಲ, ದಿನಾ ಅದೇ ಸುಳ್ಳು ಹೇಳಿದರೆ ಸಾಕು. ವಾಲ್ವ್ ಕ್ಯಾಪ್ ತೆಗೆದು ಜೇಬಿಗೆ, ಅಂಗಿಯ ಎಡ ಜೇಬಿಗೇ. ಪುಸ್ ಅಂತ ಚೂರು ಸದ್ದು, ಮುಳ್ಳು ನಿಲ್ಲುತ್ತದೆ, ಕ್ಯಾಪ್ ವಾಪಸ್. ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು, ಆಗ ಬರುವುದೇ ಲೆಕ್ಕಕ್ಕೆ ಬರುವ ತಣ್ಣನೆ ಪ್ರೆಶರ್. ನಮ್ಮಂಥ ಭಾರದ ಟೈರಿನಲ್ಲಿ ಚಳಿಯ ಆಟ ಕಾರಿಗಿಂತ ಜಾಸ್ತಿ. 65 ಇದ್ದದ್ದು 10 ಡಿಗ್ರಿ ಸೆಲ್ಸಿಯಸ್ ತಂಪಾದರೆ ಎರಡೂವರೆ ಪಿಎಸ್‌ಐಗಿಂತ ಹೆಚ್ಚು ಇಳಿಯುತ್ತದೆ, 32 ಇರುವ ಕಾರಿನ ಟೈರಿನಲ್ಲಿ ಅದು ಒಂದೂವರೆ ಅಷ್ಟೇ. ಚಳಿಗಾಲದ ಮೊದಲ ವಾರ ಟೈರ್ ಪಂಕ್ಚರ್ ಅಂತ ಗಾಬರಿಯಾಗುವವರಲ್ಲಿ ಅರ್ಧ ಜನಕ್ಕೆ ಇದೇ ಕಾರಣ ಇರುತ್ತದೆ ಅಂತ ನನ್ನ ಗುಮಾನಿ.

ಕಿಟ್ ಜೊತೆ ಬಂದ ಡಿಫ್ಲೇಟರ್, ಅಂದರೆ ಗಾಳಿ ಇಳಿಸುವ ಸಾಧನ, ನನಗೆ ಬಹಳ ಇಷ್ಟವಾದ ವಸ್ತು. ವಾಲ್ವಿಗೆ ತಿರುಗಿಸಿ ಕೂರಿಸಿ, ಹಿಂದಿನ ಗುಬ್ಬಿ ತಿರುಗಿಸಿದರೆ ಒಳಗಿನ ವಾಲ್ವ್ ಪಿನ್ನೇ ಬಿಚ್ಚಿಕೊಂಡು ಹೊರಗೆ ಬರುತ್ತದೆ, ಆದರೆ ಸಾಧನದ ಒಳಗೇ ಉಳಿಯುತ್ತದೆ, ಕೈತಪ್ಪಿ ಮಣ್ಣಿಗೆ ಬೀಳುವುದಿಲ್ಲ. ಸಾಧನದ ಮೇಲೆ ಜಾರುವ ಕೊಳವೆಯನ್ನು ಹಿಂದಕ್ಕೆಳೆದರೆ ಭುಸ್ ಅಂತ ಗಾಳಿ ಹೋಗುತ್ತದೆ. ಬಿಟ್ಟರೆ ಗೇಜಿನಲ್ಲಿ ನಿಜವಾದ ಅಂಕಿ. ಮತ್ತೆ ಎಳೆಯಿರಿ, ಮತ್ತೆ ಬಿಡಿ. ಡಾಂಬರು ಮುಗಿದು ಮಣ್ಣು ರಸ್ತೆ ಶುರುವಾಗುವ ಕಡೆ ನಿಲ್ಲಿಸಿ ನಾಲ್ಕೂ ಚಕ್ರಕ್ಕೆ ಇದನ್ನು ಮಾಡುವಾಗ ಸಿಗುವ ಖುಷಿಯನ್ನು ವಿವರಿಸುವುದು ಕಷ್ಟ. ಬೆನ್ನು ನೆಟ್ಟಗಾಗುತ್ತದೆ, ಕಾಲು ಆಡುತ್ತದೆ, ಮುಂದಿನ ರಸ್ತೆಯನ್ನು ಒಂದು ಸಲ ಕಣ್ಣಾರೆ ನೋಡಿದ ಹಾಗೂ ಆಗುತ್ತದೆ.

ಎಷ್ಟು ಇಳಿಸುತ್ತೇನೆ? ಜಲ್ಲಿ, ಮಣ್ಣು ರಸ್ತೆಗೆ ಮುಂದೆ 38, ಹಿಂದೆ 49. ಹೆಚ್ಚು ಕಡಿಮೆ ಕಾಲು ಭಾಗ ಕಡಿಮೆ. ಈ 49ಕ್ಕೆ ಒಂದು ತಮಾಷೆಯ ಕಾರಣ ಇದೆ. ನನ್ನ ವ್ಯಾನಿನಲ್ಲಿ ಸ್ಟಿಕರ್ ಅಂಕಿಗಿಂತ ಕಾಲು ಭಾಗ ಕಡಿಮೆಯಾದರೆ ಡ್ಯಾಶ್‌ಬೋರ್ಡಿನ ಹಳದಿ ದೀಪ ಹತ್ತಿಕೊಳ್ಳುತ್ತದೆ. 65ರ ಮುಕ್ಕಾಲು 48 ಮುಕ್ಕಾಲು. ಆ ಚೂರು ಉಳಿಸಿದರೆ ದೀಪ ಸುಮ್ಮನಿರುತ್ತದೆ, ನಿಜವಾಗಿ ಮೊಳೆ ಚುಚ್ಚಿ ಗಾಳಿ ಹೋಗುತ್ತಿದ್ದರೆ ಅದು ಹೇಳುತ್ತದೆ. ಮೊದಲೇ ಉರಿಯುತ್ತಿರುವ ದೀಪ ಏನು ಎಚ್ಚರಿಕೆ ಕೊಟ್ಟೀತು?

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಬಿಟ್ಟುಬಿಡುತ್ತಾರೆ. ಮಣ್ಣು ರಸ್ತೆಯ ಬಾಯಿಗೆ ಬರುವ ಹೊತ್ತಿಗೆ ಟೈರ್ ಬಿಸಿಯಾಗಿರುತ್ತದೆ. ಬೆಳಿಗ್ಗೆ 65 ಇದ್ದದ್ದು ಆಗ 72 ತೋರಿಸಬಹುದು. ಆ ಬಿಸಿಯಲ್ಲೇ 49ಕ್ಕೆ ಇಳಿಸಿದರೆ ತಣ್ಣಗಾದ ಮೇಲೆ ಅದು 44ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಬಿಸಿ ಇದ್ದಾಗ 55ಕ್ಕೇ ನಿಲ್ಲಿಸುತ್ತೇನೆ. ಬೆಳಿಗ್ಗೆ ನೋಡಿದರೆ ಸರಿಯಾಗಿ 49.

ಇಳಿಸಿದ್ದರ ಫಲ ಮೊದಲ ಕಿಲೋಮೀಟರಿನಲ್ಲೇ ಗೊತ್ತಾಗುತ್ತದೆ. ಹಳೆಯ ಜಲ್ಲಿ ರಸ್ತೆಯ ಮೇಲೆ ಸುಕ್ಕುತಗಡಿನ ಶೀಟಿನ ಹಾಗೆ ಅಡ್ಡಡ್ಡ ಏಣು ಬಿದ್ದಿರುತ್ತದಲ್ಲ, ಅದರ ಮೇಲೆ 65ರಲ್ಲಿ ಹೋದರೆ ಒಳಗಿನ ಪ್ರತಿ ಸ್ಕ್ರೂ ಸಡಿಲವಾಗುತ್ತದೆ, ಶಾಕ್ ಅಬ್ಸಾರ್ಬರ್ ಕಾದುಹೋಗುತ್ತದೆ, ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. 49ರಲ್ಲಿ ಟೈರೇ ಅರ್ಧ ಪೆಟ್ಟು ತಿನ್ನುತ್ತದೆ. ಚೂಪು ಕಲ್ಲು ಸಿಕ್ಕರೂ ಮೆತ್ತಗಿನ ಟೈರ್ ಅದರ ಸುತ್ತ ಬಗ್ಗಿಕೊಳ್ಳುತ್ತದೆ. ಆದರೆ ಪಕ್ಕದ ಗೋಡೆ ಸ್ವಲ್ಪ ಹೊರಗೆ ಉಬ್ಬಿರುತ್ತದೆ, ಅಂಚಿನ ಕಲ್ಲಿಗೆ ಉಜ್ಜಿದರೆ ಅಲ್ಲೇ ಸೀಳುತ್ತದೆ. ಅಲ್ಲಿ ಸೀಳಿದರೆ ಪ್ಲಗ್ ಹಾಕಿ ಓಡಿಸುವ ಹಾಗಿಲ್ಲ, ಹೊಸ ಟೈರೇ ಗತಿ. ಆದ್ದರಿಂದ ಗಂಟೆಗೆ 50 ಕಿಲೋಮೀಟರ್ ದಾಟುವುದಿಲ್ಲ.

ಮರಳು ಬೇರೆ ಲೋಕ. ಅಲ್ಲಿ ಮುಂದೆ 25, ಹಿಂದೆ 30ಕ್ಕೆ ಹೋಗುತ್ತೇನೆ, ಅದೂ ಅನಿವಾರ್ಯ ಆದಾಗ ಮಾತ್ರ. ಗಾಳಿ ಇಳಿಸಿದರೆ ಟೈರ್ ಅಗಲ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕೂತು ನೋಡಿ, ಅಗಲಕ್ಕಿಂತ ಉದ್ದಕ್ಕೇ ಜಾಸ್ತಿ ಹರಡಿಕೊಳ್ಳುತ್ತದೆ. ನೆಲಕ್ಕೆ ತಾಗುವ ಆ ಉದ್ದವೇ ಮರಳಿನ ಮೇಲೆ ತೇಲಿಸುವುದು. ವೇಗ 20, ಹೆಚ್ಚೆಂದರೆ 30. ಗಕ್ಕನೆ ತಿರುವು ತೆಗೆದುಕೊಂಡರೆ ಟೈರಿನ ಅಂಚು ರಿಮ್ ಬಿಟ್ಟು ಕಳಚಿಕೊಳ್ಳಬಹುದು, ಆಮೇಲೆ ಈ ಪುಟ್ಟ ಕಂಪ್ರೆಸರಿನಿಂದ ಅದನ್ನು ಕೂರಿಸುವ ಆಸೆ ಬೇಡ.

ಇಲ್ಲಿಯವರೆಗೆ ಎಲ್ಲ ಚಂದ. ಈಗ ವಾಪಸ್ ಡಾಂಬರಿಗೆ ಬಂದಿರಿ, ಗಾಳಿ ತುಂಬಬೇಕು. ಮೂತಿಯ ಕಥೆ ಇಲ್ಲಿಂದ ಶುರು.

ಕಂಪ್ರೆಸರ್ ಜೊತೆ ಬರುವ ಪೈಪು ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುವಂಥದ್ದು. ಅದರ ತುದಿಗೆ ತಿರುಗಿಸಿ ಕೂರಿಸುವ ಹಿತ್ತಾಳೆ ಮೂತಿ. ನೀವು ಮೂತಿಯನ್ನು ಬಲಕ್ಕೆ ತಿರುಗಿಸಿದರೆ ಪೈಪು ಎಡಕ್ಕೆ ಎಳೆಯುತ್ತದೆ. ಅರ್ಧ ಸುತ್ತು ಆಗುವಷ್ಟರಲ್ಲಿ ಪಿನ್ ಒತ್ತಿಕೊಂಡು ಗಾಳಿ ಹೊರಗೆ ನುಗ್ಗಲು ಶುರು, ಉಳಿದ ಸುತ್ತುಗಳನ್ನು ಆ ಸದ್ದಿನಲ್ಲೇ ಮುಗಿಸಬೇಕು. ತುಂಬಿದ ಮೇಲೆ ಬಿಚ್ಚುವಾಗ ಇನ್ನೂ ಮಜಾ: ಒತ್ತಿದ ಗಾಳಿಯ ಬಿಸಿಗೆ ಹಿತ್ತಾಳೆ ಕಾದಿರುತ್ತದೆ, ಬೆರಳು ಸುಡುತ್ತದೆ, ಬಟ್ಟೆ ಹಿಡಿದು ನಿಧಾನಕ್ಕೆ ಬಿಚ್ಚಿದರೆ ಅಷ್ಟೂ ಹೊತ್ತು ನೀವು ಈಗ ತಾನೇ ತುಂಬಿದ ಗಾಳಿ ಹೋಗುತ್ತಿರುತ್ತದೆ. 65 ಬೇಕಿದ್ದರೆ 67 ತುಂಬಬೇಕು. ಜೊತೆಗೆ ಈ ಭಾರದ ಮೂತಿ ವಾಲ್ವಿನ ರಬ್ಬರ್ ಕಾಂಡವನ್ನು ಪ್ರತಿ ಸಲ ಜಗ್ಗುತ್ತದೆ. ಅಂದ ಹಾಗೆ, ಸಾಮಾನ್ಯ ಕಾರಿನ ರಬ್ಬರ್ ವಾಲ್ವುಗಳ ಮಿತಿಯೇ 65 ಪಿಎಸ್‌ಐ. ರಿಮ್ ಬದಲಾಯಿಸಿದ ವ್ಯಾನಿನವರು ಹೆಚ್ಚು ಪ್ರೆಶರಿನ ವಾಲ್ವ್ ಅಥವಾ ಲೋಹದ ವಾಲ್ವ್ ಹಾಕಿದ್ದಾರಾ ಅಂತ ಒಮ್ಮೆ ನೋಡಿಕೊಳ್ಳಿ.

ಇದರ ಜೊತೆಗೆ ಪೈಪಿನ ಮೇಲಿರುವ ಗೇಜಿನ ಕಾಟ ಬೇರೆ. ಮೋಟರ್ ಓಡುತ್ತಿರುವಾಗ ಅದು ತೋರಿಸುವುದು ಪೈಪಿನೊಳಗಿನ ಒತ್ತಡ, ಟೈರಿನದ್ದಲ್ಲ. 65 ಅಂತ ತೋರಿಸುತ್ತಿರುತ್ತದೆ, ಸ್ವಿಚ್ ಆರಿಸಿದರೆ ಮುಳ್ಳು ಜಾರಿ ಕೆಳಗೆ ಬರುತ್ತದೆ. ಆರಿಸು, ನೋಡು, ಮತ್ತೆ ಹಚ್ಚು. ಲೈಟರ್ ಸಾಕೆಟ್ಟಿಗೆ ಹಾಕುವ ಆಸೆಯನ್ನೂ ಬಿಟ್ಟುಬಿಡಿ, ಅಲ್ಲಿನ ಫ್ಯೂಸ್ ಸಾಮಾನ್ಯವಾಗಿ 15 ಅಥವಾ 20 ಆಂಪಿಯರ್ ಅಷ್ಟೇ, ಪ್ರೆಶರ್ ಏರಿದ ಹಾಗೆ ಮೋಟರ್ ಎಳೆಯುವ ಕರೆಂಟೂ ಏರುತ್ತದೆ. ನೇರ ಬ್ಯಾಟರಿಗೆ ಕ್ಲಿಪ್ ಹಾಕಿ, ಎಂಜಿನ್ ಓಡುತ್ತಿರಲಿ. ನನ್ನ ವ್ಯಾನಿನ ಬ್ಯಾಟರಿ ಮುಂದಿನ ಸೀಟಿನ ಕೆಳಗಿದೆ, ಹಿಂದಿನ ಚಕ್ರ ಅಷ್ಟು ದೂರ. ಪೈಪನ್ನು ಎಳೆದು ಹಿಡಿದರೆ ಕಂಪ್ರೆಸರ್ ಕುಣಿಯುತ್ತಾ ಮಗುಚಿಕೊಂಡು ಧೂಳು ಕುಡಿಯುತ್ತದೆ.

ಇದೆಲ್ಲ ಬರೀ ಕಿರಿಕಿರಿ, ಸಹಿಸಿಕೊಂಡರಾಯಿತು ಅನ್ನಬಹುದು. ಆದರೆ ತೊಂದರೆ ಇರುವುದೇ ಇಲ್ಲಿ. ಗಾಳಿ ಎಷ್ಟು ಇಳಿಸಬೇಕು ಅನ್ನುವುದನ್ನು ಕೊನೆಗೆ ನಿರ್ಧರಿಸುವುದು ತಿರುಗಿ ತುಂಬುವ ಕಷ್ಟ. ಮುಂದೆ ಬರೀ ಐದು ಕಿಲೋಮೀಟರ್ ಮಣ್ಣು ರಸ್ತೆ ಅಂದಾಗ ಈ ಮೂತಿ ನೆನಪಾಗುತ್ತದೆ, ಹಾಗೇ ಹೋಗಿಬಿಡೋಣ ಅನಿಸುತ್ತದೆ. ಅದಕ್ಕಿಂತ ಕೆಟ್ಟದ್ದು ಅಂದರೆ ಇಳಿಸಿದವರು ಡಾಂಬರಿಗೆ ಬಂದ ಮೇಲೂ ಮುಂದಿನ ಊರಲ್ಲಿ ತುಂಬಿಸಿದರಾಯಿತು ಅಂತ ಹೆದ್ದಾರಿಯಲ್ಲಿ ಎಳೆಯುವುದು. ತುಂಬಿದ ವ್ಯಾನು, ಕಡಿಮೆ ಗಾಳಿ, 90ರ ವೇಗ. ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ, ಹೊರಗೆ ಏನೂ ಕಾಣದೆಯೇ ಒಳಗೆ ಹಾಳಾಗುತ್ತದೆ. ಕಂಪ್ರೆಸರ್ ಮಾಡುವವರು ಬಣ್ಣ ಬಣ್ಣದ ಚೀಲ ಕೊಡುವ ಬದಲು ಒಂದು ಒಳ್ಳೆ ಮೂತಿ ಕೊಟ್ಟಿದ್ದರೆ ಎಷ್ಟು ಟೈರ್ ಉಳಿಯುತ್ತಿತ್ತು, ಅಲ್ವಾ?

ಕಡೆಗೆ ನಾನೇ ಒಂದು ಉದ್ದನೆಯ ನೇರ ರಬ್ಬರ್ ಪೈಪು, ತುದಿಗೆ ಲಿವರ್ ಒತ್ತಿ ಕಚ್ಚಿಸುವ ಮೂತಿ ತಂದು ಹಾಕಿಸಿದೆ. ಕಂಪ್ರೆಸರಿನ ದುಡ್ಡಿಗೆ ಹೋಲಿಸಿದರೆ ಅದು ಏನೂ ಅಲ್ಲ. ಲಿವರ್ ಒತ್ತಿ ಚುಚ್ಚಿ, ಬಿಟ್ಟರೆ ಕಚ್ಚಿಕೊಂಡಿತು. ತೆಗೆಯುವಾಗ ಟಪ್ ಅಂತ ಒಂದೇ ಸದ್ದು, ಗಾಳಿ ಹೋಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಆವತ್ತಿನಿಂದ ಈ ಯಂತ್ರದ ಮೇಲೆ ನನ್ನ ಅಭಿಪ್ರಾಯವೇ ಬೇರೆ. ಕಂಪ್ರೆಸರ್ ಈಗ ಬಾಗಿಲ ಮೆಟ್ಟಿಲ ಮೇಲೆ ಆರಾಮಾಗಿ ಕೂತಿರುತ್ತದೆ, ಪೈಪು ಮಾತ್ರ ಹಿಂದಕ್ಕೆ ಹೋಗುತ್ತದೆ. ಹಿಂದಿನ ಒಂದು ಟೈರ್ 49ರಿಂದ 65ಕ್ಕೆ ಏರಲು ನಾಲ್ಕೈದು ನಿಮಿಷ, ಮುಂದಿನದ್ದಕ್ಕೆ ಮೂರು. ಅಂದರೆ ನಾಲ್ಕೂ ಸೇರಿ ಕಾಲು ಗಂಟೆಯ ಹತ್ತಿರ, ಈ ಮೋಟರನ್ನು ಒಂದೇ ಸಮ ಓಡಿಸಬಹುದಾದಷ್ಟೇ ಹೊತ್ತು. ಮರಳಿನಿಂದ ಬಂದರೆ ಇದರ ಎರಡು ಪಟ್ಟು ಗಾಳಿ ಬೇಕು, ನಡುವೆ ತಣ್ಣಗಾಗಲು ಬಿಡಬೇಕು. ಅಷ್ಟರಲ್ಲಿ ನಾನು ಟೈರಿನ ಹಲ್ಲುಗಳ ನಡುವೆ ಸಿಕ್ಕಿದ ಕಲ್ಲುಗಳನ್ನು ಸ್ಕ್ರೂ ಡ್ರೈವರಿನಿಂದ ಕೀಳುತ್ತಾ ಕೂರುತ್ತೇನೆ, ಅದೂ ಒಂದು ಸುಖ.

ಮೋಟರಿನ ಬಗ್ಗೆ ದೂರಿಲ್ಲ. ಗಾಳಿ ಒಳಗೆ ಹೋಗುವ ಕಡೆ ಇರುವ ಪುಟ್ಟ ಸ್ಪಂಜು ಫಿಲ್ಟರನ್ನು ಆಗಾಗ ತೊಳೆದು ಒಣಗಿಸಿ ಹಾಕಿ, ಅಷ್ಟೇ. ಸದ್ದು ಭಯಂಕರ, ಬೇರೆಯವರು ಮಲಗಿರುವ ಕಡೆ ಬೆಳಗಿನ ಜಾವ ಹಚ್ಚಬೇಡಿ.

ಎರಡು ಸಿಲಿಂಡರಿನ ದೊಡ್ಡ ಕಂಪ್ರೆಸರ್ ಇದರ ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಸುತ್ತದೆ, ಗೊತ್ತು. ವಾರಕ್ಕೊಮ್ಮೆ ಮರಳಿಗೆ ಇಳಿಯುವವರು ಅದನ್ನೇ ತೆಗೆದುಕೊಳ್ಳಿ. ನನ್ನ ಕಿಸೆಗೂ ನನ್ನ ಅಭ್ಯಾಸಕ್ಕೂ ಇದು ಸಾಕು. ಹಿಂದೆ ಜೋಡಿ ಚಕ್ರ ಇರುವ ವ್ಯಾನಿನವರು ಮಾತ್ರ ಕೊಳ್ಳುವ ಮೊದಲು ಒಳ ಚಕ್ರದ ವಾಲ್ವಿಗೆ ನಿಮ್ಮ ಕೈ, ಈ ಮೂತಿ ಎರಡೂ ತಲುಪುತ್ತದಾ ಅಂತ ನೋಡಿ. ಡಾಂಬರು ಬಿಟ್ಟು ಇಳಿಯದವರಿಗೆ ಒಂದು ಒಳ್ಳೆ ಗೇಜ್ ಸಾಕು, ಗಾಳಿಯನ್ನು ಬಂಕಿನಲ್ಲಿ ಹಿಡಿಸಿಕೊಳ್ಳಿ.

ಲಿವರ್ ಮೂತಿಗೂ ಒಂದು ಚಾಳಿ ಇದೆ. ಒಳಗಿನ ರಬ್ಬರ್ ವಾಷರ್ ಸವೆದರೆ 60 ದಾಟಿದ ಮೇಲೆ ತಾನೇ ಹಾರಿ ಬೀಳುತ್ತದೆ, ಪಕ್ಕದಲ್ಲಿ ಮುಖ ಇಟ್ಟುಕೊಂಡು ಕೂರಬೇಡಿ. ನಾಲ್ಕಾರು ವಾಷರು, ಒಂದಷ್ಟು ವಾಲ್ವ್ ಪಿನ್ನು ಮತ್ತು ಕ್ಯಾಪುಗಳನ್ನು ಗೇಜಿನ ಚೀಲದಲ್ಲೇ ಹಾಕಿಟ್ಟಿದ್ದೇನೆ.