ಹಾಯಿದೋಣಿಯ ವಿಂಚ್ ಹಿಡಿಕೆ: ಕೊಳ್ಳುವ ಮುನ್ನ ಬೀಗವನ್ನು ನೋಡಿ

ಹಾಯಿದೋಣಿಯಲ್ಲಿ ದಿನವಿಡೀ ಕೈಯಲ್ಲಿರುವ, ಅಷ್ಟೇ ಸುಲಭವಾಗಿ ಕೈತಪ್ಪಿ ನೀರುಪಾಲಾಗುವ ವಸ್ತುವೆಂದರೆ ವಿಂಚಿನ, ಅಂದರೆ ಹಾಯಿಯ ಹಗ್ಗ ಎಳೆಯುವ ರಾಟೆಯ, ಹಿಡಿಕೆ. ಮುಂದಿನ ದೊಡ್ಡ ಹಾಯಿಯಾದ ಜೆನೋವಾದ ಶೀಟ್ ಹಗ್ಗವನ್ನು ವಿಂಚಿನ ಉರುಳೆಗೆ ಮೂರು ನಾಲ್ಕು ಸುತ್ತು ಸುತ್ತಿ, ಉರುಳೆಯ ನೆತ್ತಿಯ ಕುಳಿಗೆ ಹಿಡಿಕೆ ಸಿಕ್ಕಿಸಿ ತಿರುಗಿಸಿದರೆ ಮಾತ್ರ ಗಾಳಿ ತುಂಬಿದ ಹಾಯಿ ನಮ್ಮ ಅಂಕೆಗೆ ಬರುತ್ತದೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೋಲೆಂಟ್ ಜಲಸಂಧಿಯಲ್ಲಿ ಸ್ನೇಹಿತರ 34 ಅಡಿಯ ದೋಣಿಯಲ್ಲಿ ಹಲವು ಬಗೆಯ ಹಿಡಿಕೆಗಳನ್ನು ತಿರುಗಿಸಿ ನೋಡಿದ ಮೇಲೆ ನನ್ನ ಅಭಿಪ್ರಾಯ ಖಚಿತವಾಗಿದೆ. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ತೋಳಿನ ಹೊಳಪು, ಹಿಡಿಯ ಬಣ್ಣ. ಹಿಡಿಕೆಯ ಯೋಗ್ಯತೆ ತೀರ್ಮಾನವಾಗುವುದು ಕುಳಿಯೊಳಗೆ ಇಳಿಯುವ, ಬೀಗವಿರುವ ಆ ಪುಟ್ಟ ತುದಿಯಲ್ಲಿ.

ಅಳತೆಯ ಬಗ್ಗೆ ಹೆಚ್ಚು ಚಿಂತೆ ಬೇಡ. ಹಾರ್ಕನ್, ಲೆವ್ಮಾರ್, ಆಂಡರ್ಸನ್ ಮೊದಲಾದ ತಯಾರಕರ ಇಂದಿನ ವಿಂಚುಗಳಲ್ಲಿ ಎಂಟು ಮೂಲೆಯ ನಕ್ಷತ್ರಾಕಾರದ ಕುಳಿಯಿದ್ದು, ಅದಕ್ಕೆ ಇಳಿಯುವ ಚೌಕ ಗೂಟದ ಬದಿ 11/16 ಅಂಗುಲ, ಅಂದರೆ ಸುಮಾರು 17.5 ಮಿಲಿಮೀಟರ್ ಇರುತ್ತದೆ. ಹಾಗಾಗಿ ಒಬ್ಬರ ಹಿಡಿಕೆ ಇನ್ನೊಬ್ಬರ ವಿಂಚಿಗೆ ಹೊಂದುತ್ತದೆ. ತುಂಬ ಹಳೆಯ ದೋಣಿ ಕೊಂಡವರು ಮಾತ್ರ ಕುಳಿಯನ್ನು ಅಳೆದು ನೋಡಬೇಕು, ಅದರಲ್ಲಿ ಬೀಗ ಹಿಡಿಯಲು ಬೇಕಾದ ಅಂಚು ಇದೆಯೇ ಎಂಬುದನ್ನೂ ಬೆರಳಾಡಿಸಿ ಖಚಿತಪಡಿಸಿಕೊಳ್ಳಬೇಕು.

ಬೀಗವಿರುವ ಹಿಡಿಕೆಯೊಂದನ್ನು ತಲೆಕೆಳಗಾಗಿ ಹಿಡಿದು ನೋಡಿ. ಗೂಟದ ತಳದಲ್ಲಿ ಅದೇ ಅಳತೆಯ ತೆಳುವಾದ ಚೌಕ ಬಿಲ್ಲೆಯೊಂದು ಓರೆಯಾಗಿ ಕುಳಿತಿರುತ್ತದೆ. ಮೇಲಿರುವ ಪುಟ್ಟ ಸನ್ನೆಕೋಲನ್ನು ಹೆಬ್ಬೆರಳಿನಿಂದ ಸರಿಸಿದರೆ ಬಿಲ್ಲೆ ಕೊಂಚ ತಿರುಗಿ ಗೂಟದ ಮೂಲೆಗಳಿಗೆ ಸರಿಯಾಗಿ ನಿಲ್ಲುತ್ತದೆ, ಹಿಡಿಕೆ ಕುಳಿಗೆ ಇಳಿಯುತ್ತದೆ. ಹೆಬ್ಬೆರಳು ತೆಗೆದ ಕೂಡಲೇ ಸ್ಪ್ರಿಂಗಿನ ಬಲದಿಂದ ಬಿಲ್ಲೆ ಹಿಂದಕ್ಕೆ ತಿರುಗಿ, ಅದರ ಮೂಲೆಗಳು ಹೊರಚಾಚಿ ಕುಳಿಯ ಒಳಗಿನ ಅಂಚಿನ ಕೆಳಗೆ ಸಿಕ್ಕಿಕೊಳ್ಳುತ್ತವೆ. ದೋಣಿ ವಾಲಿದಾಗ, ಹಗ್ಗವೊಂದು ಬಡಿದಾಗ, ಯಾರದೋ ಕಾಲು ತಗುಲಿದಾಗ ಹಿಡಿಕೆಯನ್ನು ಸಮುದ್ರಕ್ಕೆ ಬಿಡದೆ ಹಿಡಿದಿಡುವುದು ಈ ನಾಲ್ಕು ಸಣ್ಣ ಮೂಲೆಗಳು ಮಾತ್ರ. ಆದ್ದರಿಂದ ಬಿಲ್ಲೆ ಲೋಹದ್ದೋ ಪ್ಲಾಸ್ಟಿಕ್ಕಿನದೋ, ಅರ್ಧದವರೆಗೆ ತಿರುಗಿಸಿ ಬಿಟ್ಟರೂ ತಾನಾಗಿ ಪೂರ್ತಿ ಹಿಂದಿರುಗುತ್ತದೆಯೋ, ಗೂಟ ಮತ್ತು ಬಿಲ್ಲೆಯ ನಡುವೆ ಲಟಪಟ ಅಲುಗಾಟವಿದೆಯೋ ಎಂಬುದನ್ನು ಅಂಗಡಿಯಲ್ಲೇ ಪರೀಕ್ಷಿಸಬೇಕು. ನಾವು ಬಳಸಿದ ಅಗ್ಗದ ಹಿಡಿಕೆಯೊಂದರಲ್ಲಿ ಉಪ್ಪು ಕಟ್ಟಿ ಬಿಲ್ಲೆ ನಡುವೆಯೇ ನಿಂತುಬಿಡುತ್ತಿತ್ತು, ಹೊರನೋಟಕ್ಕೆ ಮಾತ್ರ ಬೀಗ ಬಿದ್ದಂತೆಯೇ ಕಾಣುತ್ತಿತ್ತು. ಬೀಗವೇ ಇಲ್ಲದ ಹಿಡಿಕೆಗಿಂತ ಇಂಥದ್ದು ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ನಂಬಿ ನಾವು ಮೈಭಾರ ಹಾಕುತ್ತೇವೆ.

ಉದ್ದದಲ್ಲಿ ಮಾರುಕಟ್ಟೆ ಕೊಡುವ ಆಯ್ಕೆ ಮುಖ್ಯವಾಗಿ ಎರಡು: 8 ಅಂಗುಲ ಮತ್ತು 10 ಅಂಗುಲ. ವಿಂಚಿನ ಗಾತ್ರ 40 ಎಂದಿದ್ದರೆ, 10 ಅಂಗುಲದ ಹಿಡಿಕೆ ಹಾಕಿ ನಿಧಾನದ ಗೇರಿನಲ್ಲಿ ತಿರುಗಿಸಿದಾಗ ನಮ್ಮ ಬಲ ಸುಮಾರು 40 ಪಟ್ಟಾಗುತ್ತದೆ ಎಂದರ್ಥ. ಕೈಯಿಂದ 20 ಕಿಲೋ ಒತ್ತಿದರೆ ಲೆಕ್ಕದ ಪ್ರಕಾರ ಹಗ್ಗದ ಮೇಲೆ 800 ಕಿಲೋ ಎಳೆತ. ಅದೇ ವಿಂಚಿಗೆ 8 ಅಂಗುಲದ್ದನ್ನು ಹಾಕಿದರೆ ಅದು 640ಕ್ಕೆ ಇಳಿಯುತ್ತದೆ. ಘರ್ಷಣೆಯಲ್ಲಿ ಇದರ ಒಂದು ಪಾಲು ನಷ್ಟವಾಗುವುದು ನಿಜವಾದರೂ, ಭುಜದ ನೋವಿರುವವರಿಗೆ, ಪ್ರಾಯ ಕಳೆದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಚಿಕ್ಕ ಹಿಡಿಕೆಗೂ ತನ್ನ ಜಾಗವಿದೆ: ಅದರ ಸುತ್ತು ಕಿರಿದಾದ್ದರಿಂದ ಸಡಿಲ ಹಗ್ಗವನ್ನು ಬೇಗ ಎಳೆಯಬಹುದು, ನೀರಿನ ಸಿಡಿತ ತಡೆಯುವ ಸ್ಪ್ರೇಹುಡ್ ಬಟ್ಟೆಗೆ ಬೆರಳ ಗೆಣ್ಣು ತರಚಿಕೊಳ್ಳದೆ ಪೂರ್ತಿ ಸುತ್ತು ತಿರುಗಿಸಬಹುದು.

ಇನ್ನು ಲೋಹದ ವಿಚಾರ. ಫೋರ್ಜ್ ಮಾಡಿದ, ಆನೋಡೈಸ್ ಲೇಪನವಿರುವ ಅಲ್ಯೂಮಿನಿಯಂ ಹಿಡಿಕೆ ಹಗುರವೂ ಗಟ್ಟಿಯೂ ಆಗಿದ್ದು ನನ್ನ ಮೊದಲ ಆಯ್ಕೆ. ಕ್ರೋಮ್ ಲೇಪಿತ ಕಂಚಿನದು ತಲೆಮಾರುಗಟ್ಟಲೆ ಬಾಳುತ್ತದೆ, ಆದರೆ ಭಾರ ಹೆಚ್ಚು, ಕೈಜಾರಿದರೆ ಕಾಲ್ಬೆರಳಿಗೂ ಡೆಕ್ಕಿಗೂ ಪೆಟ್ಟು. ಗ್ಲಾಸ್ ಫೈಬರ್ ಬೆರೆಸಿದ ನೈಲಾನಿನ ಟೊಳ್ಳು ಹಿಡಿಕೆಗಳು ನೀರಲ್ಲಿ ತೇಲುತ್ತವೆ, ಬೆಲೆಯೂ ಕೈಗೆಟಕುವಂಥದ್ದು, ಆದ್ದರಿಂದ ಅನೇಕರು ಅವನ್ನೇ ಶಿಫಾರಸು ಮಾಡುತ್ತಾರೆ. ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಐದು ನಾಟ್ ವೇಗದಲ್ಲಿ ಓಡುವ ದೋಣಿ ಒಂದೇ ನಿಮಿಷದಲ್ಲಿ 150 ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಸೋಲೆಂಟಿನ ಉಬ್ಬರವಿಳಿತದ ಸೆಳೆತದಲ್ಲಿ, ನೊರೆಯ ಅಲೆಗಳ ನಡುವೆ ಗೇಣುದ್ದದ ಕಪ್ಪು ವಸ್ತುವನ್ನು ಹುಡುಕಲು ದೋಣಿ ತಿರುಗಿಸುವುದು ವಿವೇಕವಲ್ಲ. ತೇಲುವ ಗುಣ ಬಂದರಿನ ಒಳಗೆ ಉಪಯುಕ್ತ, ಹೊರಗೆ ನಮ್ಮನ್ನು ಕಾಯುವುದು ಬೀಗ. ಬಿಸಿಲು ಹೆಚ್ಚಿರುವ ಗೋವಾ, ಮುಂಬಯಿಯ ಕಡೆ ದೋಣಿ ಇಟ್ಟುಕೊಂಡವರು ಪ್ಲಾಸ್ಟಿಕ್ ಹಿಡಿಕೆಯನ್ನು ಡೆಕ್ಕಿನ ಮೇಲೆ ಬಿಡದೆ ನೆರಳಿನಲ್ಲಿಡುವುದು ಒಳ್ಳೆಯದು, ನೇರಳಾತೀತ ಕಿರಣಕ್ಕೆ ಅದು ಕ್ರಮೇಣ ಪೆಡಸಾಗುತ್ತದೆ.

ಬಳಸಿದವುಗಳಲ್ಲಿ ಮನಸ್ಸಿಗೆ ಹಿಡಿಸಿದ್ದು ಲೆವ್ಮಾರ್ ಕಂಪನಿಯ ಒನ್‌ಟಚ್. ಇದರ ಬೀಗ ಬಿಡಿಸಲು ಸನ್ನೆಕೋಲನ್ನು ಹುಡುಕಬೇಕಾಗಿಲ್ಲ, ತೋಳಿನ ಮೇಲ್ಭಾಗದ ಪಟ್ಟಿಯನ್ನು ಒತ್ತಿದರೆ ಸಾಕು, ಒಂದೇ ಕೈಯಲ್ಲಿ ಹಾಕುವುದೂ ತೆಗೆಯುವುದೂ ಆಗುತ್ತದೆ. ಒಂದು ಕೈ ಕಂಬಿ ಹಿಡಿದುಕೊಂಡೇ ಇರಬೇಕಾದ ಹವೆಯಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಬೇರೆಯಿಲ್ಲ. ಹಾರ್ಕನ್‌ನ ಸ್ಪೀಡ್‌ಗ್ರಿಪ್ ಹಿಡಿಯ ನೆತ್ತಿಯಲ್ಲಿ ಅಂಗೈ ಊರುವ ಗುಂಡನೆಯ ಉಬ್ಬು ಇದ್ದು, ಭಾರ ಹೆಚ್ಚಾದಾಗ ಎರಡನೆಯ ಕೈಯನ್ನೂ ಸೇರಿಸಲು ಅನುವಾಗುತ್ತದೆ. ಜೆನೋವಾದ ವಿಂಚಿಗೆ ನಾನು 10 ಅಂಗುಲದ, ಎರಡು ಕೈ ಹಿಡಿಸುವ, ಬೀಗವಿರುವ ಹಿಡಿಕೆಯನ್ನೇ ಸೂಚಿಸುತ್ತೇನೆ. ಕೂವೆಮರದ ಬಳಿಯ ವಿಂಚಿಗೆ ಬೀಗವಿಲ್ಲದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು, ಏಕೆಂದರೆ ಕಂಬಕ್ಕೆ ಅಡ್ಡಲಾಗಿ ಕೂರಿಸಿದ ವಿಂಚಿನಿಂದ ಹಿಡಿಕೆ ತನ್ನ ಭಾರಕ್ಕೇ ಜಾರಿ ಬೀಳುತ್ತದೆ.

ಎಷ್ಟೇ ಒಳ್ಳೆಯ ಹಿಡಿಕೆಯಾದರೂ ಕೆಲಸ ಮುಗಿದ ಮೇಲೆ ವಿಂಚಿನಲ್ಲಿ ಬಿಡಬಾರದು. ಒಳಗಿನ ತಡೆಹಲ್ಲು ಸವೆದಿದ್ದರೆ ಅಥವಾ ಗ್ರೀಸಿನಲ್ಲಿ ಅಂಟಿಕೊಂಡಿದ್ದರೆ ಹಗ್ಗದ ಎಳೆತವೆಲ್ಲ ಹಿಡಿಕೆಗೆ ಬಂದು ಅದು ಗಿರ್ರನೆ ಹಿಂದಕ್ಕೆ ತಿರುಗುತ್ತದೆ. ಹಳೆಯ ದೋಣಿಗಳಲ್ಲಿ ಉಕ್ಕಿನ ತಂತಿ ಸುತ್ತುವ ರೀಲ್ ವಿಂಚುಗಳು ಕೈ ಮುರಿದೇ ಕುಖ್ಯಾತವಾದವು. ಅವುಗಳ ಬ್ರೇಕ್ ಸಡಿಲಿಸುವ ಮೊದಲು ಹಿಡಿಕೆ ತೆಗೆಯುವುದು ಕಡ್ಡಾಯ. ವಿದ್ಯುತ್ ವಿಂಚಿನ ಗುಂಡಿ ಒತ್ತುವವರಿಗೂ ಇದೇ ನಿಯಮ. ಪಕ್ಕದಲ್ಲೇ ಪಿವಿಸಿ ಚೀಲವೊಂದನ್ನು ತಿರುಪಿನಿಂದ ಕೂರಿಸಿದರೆ ಹಿಡಿಕೆ ಇಡಲು ಜಾಗವಾಯಿತು, ಖರ್ಚೂ ಅಲ್ಪ.

ತೆಗೆದಿಡುವುದರಿಂದ ಬಾಳಿಕೆಯೂ ಹೆಚ್ಚುತ್ತದೆ. ಅಲ್ಯೂಮಿನಿಯಂ ಗೂಟ ಕಂಚಿನ ಅಥವಾ ಸ್ಟೇನ್‌ಲೆಸ್ ಉಕ್ಕಿನ ಕುಳಿಯೊಳಗೆ ಉಪ್ಪುನೀರಿನೊಂದಿಗೆ ವಾರಗಟ್ಟಲೆ ಕುಳಿತರೆ ಎರಡು ಲೋಹಗಳ ನಡುವಿನ ವಿದ್ಯುತ್ ಕ್ರಿಯೆಯಿಂದ ಬಿಳಿಯ ಪುಡಿ ಕಟ್ಟಿ, ಕೊನೆಗೆ ಸುತ್ತಿಗೆ ಹಿಡಿಯಬೇಕಾಗುತ್ತದೆ. ಪ್ರತಿ ಸಲ ದಡ ಸೇರಿದ ಮೇಲೆ ಬಿಲ್ಲೆಯನ್ನು ಆಚೀಚೆ ತಿರುಗಿಸುತ್ತ ಸಿಹಿನೀರಿನಲ್ಲಿ ತೊಳೆದು, ಒಣಗಿದ ಬಳಿಕ ಸ್ಪ್ರಿಂಗಿಗೆ ತೆಳು ಎಣ್ಣೆಯ ಒಂದು ಹನಿ ಬಿಟ್ಟರೆ ಸಾಕು. ಆಮೇಲೂ ಬಿಲ್ಲೆ ಪೂರ್ತಿ ತಿರುಗದಿದ್ದರೆ ದುರಸ್ತಿಯ ಕಿಟ್ ಸಿಗುವುದೇ ಎಂದು ಮೊದಲು ವಿಚಾರಿಸಬೇಕು, ಸಿಗದಿದ್ದರೆ ಹೊಸದನ್ನು ಕೊಳ್ಳಬೇಕು.