ವಾರಕ್ಕೊಂದು ಮಾತ್ರೆಗೆ ದಿನಕ್ಕೊಂದು ಅಂತ ಬರೆದುಕೊಟ್ಟರು, ಹುಷಾರು!

ನಿಮ್ಮ ಮನೆಯಲ್ಲಿ ಯಾರಾದರೂ ರುಮಟಾಯ್ಡ್ ಗಂಟುನೋವಿಗೆ ಮೆಥೊಟ್ರೆಕ್ಸೇಟ್ ತಗೊಳ್ತಾ ಇದ್ದರೆ ಮೊದಲು ಎದ್ದು ಹೋಗಿ ಮಾತ್ರೆ ಕವರ್ ನೋಡಿ. ಆಮೇಲೆ ಇದನ್ನು ಓದಿ.

ಗಂಟುನೋವಿಗೆ ಈ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ಅಮ್ಮನಿಗೆ ಡಾಕ್ಟರ್ 10 ಮಿ.ಗ್ರಾಂ. ಬರೆದು, ಸೋಮವಾರ ಮಾತ್ರ ಅಂತ ಕೆಳಗೆ ಗೆರೆ ಬೇರೆ ಎಳೆದಿದ್ದರು. ಉಳಿದ ದಿನಗಳಿಗೆ ವಿಟಮಿನ್ ಮಾತ್ರೆ ಫೋಲಿಕ್ ಆ್ಯಸಿಡ್. ನಮ್ಮ ಬೀದಿಯ ಮೆಡಿಕಲ್ ಸ್ಟೋರಿನ ಹುಡುಗ ಅದಲು ಬದಲು ಮಾಡಿದ. ಮೆಥೊಟ್ರೆಕ್ಸೇಟ್ ಕವರ್ ಮೇಲೆ 1-0-0, ಅಂದರೆ ದಿನಾ ಬೆಳಿಗ್ಗೆ ಒಂದು. ಫೋಲಿಕ್ ಆ್ಯಸಿಡ್ ಮೇಲೆ ಸೋಮವಾರ. ಎರಡೂ ಪುಟ್ಟ ಹಳದಿ ಮಾತ್ರೆ. ಅಮ್ಮ ಕವರ್ ನೋಡಿ ನುಂಗಿದರು. ಎಲ್ಲರೂ ಹಾಗೇ ಅಲ್ವಾ ಮಾಡೋದು?

ಬಾಯಿ ತುಂಬಾ ಹುಣ್ಣು. ಗಂಜಿ ಕೂಡ ಇಳಿಯುತ್ತಿರಲಿಲ್ಲ. ಅದೇ ಅಂಗಡಿಗೆ ಹೋಗಿ, ಹೊಸ ಮಾತ್ರೆ ಶುರುವಾದ ಮೇಲೆ ಹೀಗಾಗಿದೆ ಅಂದೆ. ಕವರ್ ಕೂಡ ತೋರಿಸಿದೆ. "ಉಷ್ಣ ಆಗಿದೆ ಮೇಡಂ, ಎಳನೀರು ಕೊಡಿ" ಅಂದ. ಬಾಯಿಗೆ ಹಚ್ಚೋ ಜೆಲ್ಲು, ಬಿ ಕಾಂಪ್ಲೆಕ್ಸು ಮಾರಿದ. ನಾನು ಥ್ಯಾಂಕ್ಸ್ ಹೇಳಿ ಬಂದೆ! ಥ್ಯಾಂಕ್ಸ್! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಜ್ವರ ಏರಿ ಆಸ್ಪತ್ರೆಗೆ ಸೇರಿಸಿದಾಗ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಕುಸಿದಿದ್ದವು. ಡ್ಯೂಟಿ ಡಾಕ್ಟರ್ ಕವರ್ ತಿರುಗಿಸಿ ನೋಡಿ, "ಇದನ್ನ ದಿನಾ ಕೊಟ್ರಾ?" ಅಂದರು. ಪಕ್ಕದ ಬೆಡ್‌ನವರೆಲ್ಲ ನನ್ನನ್ನೇ ನೋಡಿದರು. ಫೋಲಿನಿಕ್ ಆ್ಯಸಿಡ್ ಇಂಜೆಕ್ಷನ್ ಕೊಟ್ಟರು. ಫೋಲಿಕ್ ಅಲ್ಲ, ಇದು ಬೇರೆ, ಮೆಥೊಟ್ರೆಕ್ಸೇಟ್ ವಿಷ ಇಳಿಸೋ ಔಷಧ. ಅಮ್ಮ ಉಳಿದುಕೊಂಡರು.

ಈಗ ಅಂಗಡಿಯವರ ಉತ್ತರ ಕೇಳಿ. ಮೊದಲು, "ಡಾಕ್ಟರ್ ಅಕ್ಷರ ಅರ್ಥ ಆಗಲ್ಲ." ಚೀಟಿ ಮುಂದಿಟ್ಟೆ, ಅಚ್ಚುಕಟ್ಟಾಗಿ ಓದಬಹುದು. ಆಮೇಲೆ, "ನೀವೊಂದ್ಸಲ ಕೇಳ್ಬೇಕಿತ್ತು." ಕೊನೆಗೆ, "ಬಿಲ್ ಇದೆಯಾ? ನಮ್ಮ ಅಂಗಡೀದೇ ಅಂತ ಏನು ಗ್ಯಾರಂಟಿ?" ಅವತ್ತು ಬಿಲ್ ಕೇಳಿದ್ದಕ್ಕೆ ಕಂಪ್ಯೂಟರ್ ಕೆಟ್ಟಿದೆ ಅಂದವರು ಇವರೇ! ಕವರ್ ಮೇಲೆ ಅವರ ಅಂಗಡಿ ಹೆಸರೇ ಅಚ್ಚಾಗಿದೆ. ಗೋಡೆ ಮೇಲಿನ ಸರ್ಟಿಫಿಕೇಟ್ ತೋರಿಸಿ ಈ ಫಾರ್ಮಸಿಸ್ಟ್ ಎಲ್ಲಿ ಅಂದರೆ, "ಸರ್ ಊಟಕ್ಕೆ ಹೋಗಿದಾರೆ." ಬೆಳಿಗ್ಗೆ ಹತ್ತಕ್ಕೆ ಊಟ! ಇಂಥ ಮಾತ್ರೆಯನ್ನು ಫಾರ್ಮಸಿಸ್ಟ್ ಎದುರಲ್ಲೇ ಕೊಡಬೇಕು ಅಂತ ಕಾನೂನೇ ಇದೆ.

ಬಿಲ್ ಬಿಡಬೇಡಿ. ಕೆಟ್ಟಿರೋ ಕಂಪ್ಯೂಟರ್ ಕಥೆ ಕೇಳಬೇಡಿ. ವಾರದಲ್ಲಿ ಯಾವ ದಿನ ಅಂತ ಡಾಕ್ಟರ್ ಕೈಲೇ ಕನ್ನಡದಲ್ಲಿ ಬರೆಸಿಕೊಳ್ಳಿ. ಹೊಸ ಮಾತ್ರೆ ಶುರುವಾದ ಮೇಲೆ ಬಾಯಿ ಹುಣ್ಣು, ಜ್ವರ ಬಂದರೆ ಅಂಗಡಿಗೆ ಹೋಗಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಔಷಧದಿಂದ ತೊಂದರೆಯಾದರೆ ರೋಗಿಯ ಕಡೆಯವರೇ ವರದಿ ಮಾಡಬಹುದು, ಟೋಲ್ ಫ್ರೀ 1800-180-3024. ಕನ್ನಡದಲ್ಲೇ ಫಾರಂ ಇದೆ.

ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಟ್ಟಿದ್ದೇನೆ. ಅಂದಿನಿಂದ ಅಂಗಡಿ ಓನರ್ "ಮಾತಾಡಿ ಮುಗಿಸೋಣ ಮೇಡಂ" ಅಂತ ಮೆಸೇಜ್ ಮೇಲೆ ಮೆಸೇಜ್ ಹಾಕ್ತಾ ಇದ್ದಾರೆ. ಅಮ್ಮ ಹೇಗಿದ್ದಾರೆ ಅಂತ ಒಂದರಲ್ಲೂ ಕೇಳಿಲ್ಲ.