ಚೊಗರಿನ ಕಲೆಗೆ ಆಕ್ಸಿಜನ್ ಬ್ಲೀಚ್ ಪುಡಿ: ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ

ಫಿನಾಯಿಲು, ಆಸಿಡ್ಡು, ಸೋಪಿನ ಪುಡಿಗಳನ್ನು ಬಿಡಿಯಾಗಿ ತೂಗಿ ಕೊಡುವ ಶಿವಮೊಗ್ಗದ ಒಂದು ಅಂಗಡಿಯಿಂದ ತಂದ ‘ಆಕ್ಸಿಜನ್ ಬ್ಲೀಚ್’ ಪುಡಿಯನ್ನು ಕಳೆದ ಅಡಿಕೆ ಸುಗ್ಗಿಯಿಂದೀಚೆಗೆ ನಮ್ಮ ಮನೆಯಲ್ಲಿ ಬಳಸುತ್ತಿದ್ದೇವೆ. ಇದರ ರಾಸಾಯನಿಕ ಹೆಸರು ಸೋಡಿಯಂ ಪರ್ಕಾರ್ಬೊನೇಟ್. ಬಣ್ಣದ ಡಬ್ಬಿಗಳಲ್ಲಿ, ದೊಡ್ಡ ಜಾಹೀರಾತಿನೊಂದಿಗೆ ಬರುವ ಹಲವು ಕಲೆನಿವಾರಕ ಪುಡಿಗಳಲ್ಲಿಯೂ ಮುಖ್ಯ ಸರಕು ಇದೇ ಆಗಿದ್ದು, ಅವುಗಳಲ್ಲಿ ಇದರ ಜೊತೆಗೆ ಸೋಪಿನಂಶ, ಪರಿಮಳ, ಕೆಲವೊಮ್ಮೆ ಕಿಣ್ವಗಳು ಸೇರಿರುತ್ತವೆ. ಬಿಡಿ ಪುಡಿಯಲ್ಲಿ ಅದಾವುದೂ ಇಲ್ಲ. ವಾಸನೆಯಿಲ್ಲದ, ಒರಟು ಉಪ್ಪಿನಂಥ ಬಿಳಿ ಹರಳು ಅಷ್ಟೆ. ಬೆಲೆಯಲ್ಲಿ ಡಬ್ಬಿಯದಕ್ಕಿಂತ ಸಾಕಷ್ಟು ಅಗ್ಗವಾಗಿರುವುದರಿಂದ, ಅಡಿಕೆ ಮನೆಯವರಂತೆ ರಾಶಿಗಟ್ಟಲೆ ಕಲೆಬಟ್ಟೆ ಬೀಳುವವರಿಗೆ ಇದು ಆಗಿಬರುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು. ಗಿಡಮರಗಳಿಂದ ಬಂದ ಕಂದು ಕಲೆಗಳಿಗೆ ಇದು ನಿಜಕ್ಕೂ ಒಳ್ಳೆಯ ಮದ್ದು. ಉಳಿದ ಕಲೆಗಳಿಗೆ ಅಂಗಡಿಯವರು ಹೇಳುವಷ್ಟೇನೂ ಉಪಯೋಗವಿಲ್ಲ, ಒಂದೆರಡು ಕಡೆ ಅಪಾಯವೂ ಇದೆ.

ಮೊದಲು ಚೊಗರಿನ ವಿಷಯ. ಹಸಿ ಅಡಿಕೆಯನ್ನು ಸುಲಿದು ಬೇಯಿಸಿದಾಗ ಬಿಡುವ ಚೊಗರು ಎಂಬ ರಸವನ್ನೇ ಮತ್ತೆ ಮತ್ತೆ ಬಳಸಿ ಗಟ್ಟಿ ಮಾಡಿಕೊಂಡು, ಅದರಲ್ಲಿ ಅದ್ದಿ ಒಣಗಿಸುವುದರಿಂದಲೇ ಕೆಂಪಡಿಕೆಗೆ ಆ ಬಣ್ಣ ಮತ್ತು ಹೊಳಪು ಬರುವುದು ಮಲೆನಾಡಿನವರಿಗೆ ಗೊತ್ತಿದ್ದದ್ದೇ. ಈ ರಸದ ತುಂಬ ಟ್ಯಾನಿನ್ ಜಾತಿಯ ವಸ್ತುಗಳಿರುತ್ತವೆ. ಹತ್ತಿಯ ನೂಲಿಗೆ ಅಂಟಿಕೊಂಡು, ಗಾಳಿ ಸೋಕಿದಷ್ಟೂ ಕಪ್ಪಾಗುತ್ತಾ, ಒಣಗಿದ ಮೇಲೆ ನೀರಿಗೆ ಜಗ್ಗದಂತೆ ಕೂರುವುದು ಇವುಗಳ ಸ್ವಭಾವ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಚರಕ ಎಂಬ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟಲು ಇದೇ ಚೊಗರನ್ನು ಬಳಸುತ್ತಾರೆ. ಅಲ್ಲಿ ಬಣ್ಣವೆಂದು ಮರ್ಯಾದೆ ಪಡೆಯುವುದು ನಮ್ಮ ಪಂಚೆಯ ಮೇಲೆ ಕಲೆಯಾಗಿ ಕೂತಾಗ ಅಷ್ಟು ಸುಲಭವಾಗಿ ಹೋಗಲಿ ಎಂದು ನಿರೀಕ್ಷಿಸುವುದೇ ತಪ್ಪು. ಬಟ್ಟೆ ಸೋಪನ್ನು ತಿಕ್ಕಿ, ಕಲ್ಲಿಗೆ ಕುಕ್ಕಿ, ನಿಂಬೆಹುಳಿ ಹಿಂಡಿ, ಬಿಸಿಲಿಗೆ ಹಾಕಿ ನೋಡಿದವರೆಲ್ಲ ಕೊನೆಗೆ ‘ಇದು ಕೊಟ್ಟಿಗೆಗೆ ಉಡುವ ಪಂಚೆ’ ಎಂದು ಬೇರೆ ತೆಗೆದಿಡುವುದು ವಾಡಿಕೆ.

ಈ ಪುಡಿ ನೀರಿಗೆ ಬಿದ್ದ ಕೂಡಲೇ ಎರಡಾಗುತ್ತದೆ: ಒಂದು ವಾಷಿಂಗ್ ಸೋಡಾ, ಇನ್ನೊಂದು ಹೈಡ್ರೋಜನ್ ಪೆರಾಕ್ಸೈಡ್. ತೂಕದಲ್ಲಿ ಮೂರರಲ್ಲೊಂದು ಪಾಲಿನಷ್ಟು ಪೆರಾಕ್ಸೈಡೇ ಇರುತ್ತದೆ. ಟ್ಯಾನಿನ್ನಿನ ಬಣ್ಣವನ್ನು ಒಡೆಯುವುದು ಪೆರಾಕ್ಸೈಡ್. ನೀರನ್ನು ಕ್ಷಾರೀಯವಾಗಿಸಿ ಅದರ ಕೆಲಸಕ್ಕೆ ಅನುಕೂಲ ಮಾಡಿಕೊಡುವುದು ಸೋಡಾ. ಆದರೆ ಬಿಸಿ ಇಲ್ಲದೆ ಈ ಕ್ರಿಯೆ ಚುರುಕಾಗುವುದಿಲ್ಲ. 40ರಿಂದ 60 ಡಿಗ್ರಿ ಸೆಲ್ಸಿಯಸ್, ಅಂದರೆ ಕೈಯಿಟ್ಟರೆ ಸ್ವಲ್ಪ ಹೊತ್ತು ತಡೆಯುವಷ್ಟರಿಂದ ಹಿಡಿದು ಕೈಯಿಡಲಾರದಷ್ಟರವರೆಗಿನ ನೀರು ಬೇಕು. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದರೂ ಹಳೆಯ ಚೊಗರು ಅರೆಬರೆ ಬಿಡುತ್ತದೆ. ಪೇಟೆಯ ಮನೆಗಳಲ್ಲಿ ಬಕೆಟ್ಟುಗಟ್ಟಲೆ ಬಿಸಿನೀರನ್ನು ಬಟ್ಟೆಗೆ ಸುರಿಯುವುದು ದುಬಾರಿ ಅನ್ನಿಸಬಹುದು. ಬಚ್ಚಲೊಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಹಾಕಿ ಬೆಳಗಿನಿಂದ ಸಂಜೆಯವರೆಗೆ ಹಂಡೆ ಕಾಯಿಸುವ ನಮ್ಮ ಕಡೆಯ ಮನೆಗಳಿಗೆ ಅದೊಂದು ಸಮಸ್ಯೆಯೇ ಅಲ್ಲ.

ಆದರೆ ಪುಡಿಯನ್ನು ಹಂಡೆಯೊಳಗೇ ಹಾಕಬಾರದು. ತಾಮ್ರ ಮತ್ತು ಕಬ್ಬಿಣ ಎರಡೂ ಪೆರಾಕ್ಸೈಡನ್ನು ಬೇಗನೆ ಒಡೆದುಹಾಕುವುದರಿಂದ, ಬಟ್ಟೆ ತಲುಪುವ ಮೊದಲೇ ಅದರ ಶಕ್ತಿ ಗುಳ್ಳೆಯಾಗಿ ಗಾಳಿಗೆ ಸೇರುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಅಥವಾ ಒಡಕಿಲ್ಲದ ಎನಾಮಲ್ ಪಾತ್ರೆಯೇ ಸರಿ. ಐದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪುಡಿಯನ್ನು ಪೂರ್ತಿ ಕರಗಿಸಿ, ಆಮೇಲೆ ಬಟ್ಟೆ ಮುಳುಗಿಸುವುದು ನಮಗೆ ಒಗ್ಗಿದ ಪ್ರಮಾಣ. ಕರಗದ ಹರಳು ಬಣ್ಣದ ಬಟ್ಟೆಯ ಮೇಲೆ ಕೂತರೆ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಬಣ್ಣ ಹೋಗುವ ಸಂಭವವಿದೆ.

ಮೊದಲ ಬಾರಿ ಬಳಸುವವರು ಗಾಬರಿಯಾಗುವ ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡಬೇಕು. ಚೊಗರು ಸಿಡಿದ ಬಿಳಿ ಪಂಚೆಯನ್ನು ಈ ನೀರಿಗೆ ಇಳಿಸಿದೊಡನೆ, ಮಾಸಲು ಕಂದಾಗಿದ್ದ ಕಲೆ ಇನ್ನಷ್ಟು ಢಾಳಾಗಿ, ಕವಳ ಉಗಿದಂತೆ ಕೆಂಪಗಾಗುತ್ತದೆ. ಕಲೆ ಹೆಚ್ಚಾಯಿತೆಂದು ಬಟ್ಟೆಯನ್ನು ಆಗಲೇ ಎತ್ತಿಬಿಡುವುದು ಸಹಜ. ಆದರೆ ಎಲೆಯಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುವುದಕ್ಕೂ ಇದಕ್ಕೂ ಕಾರಣ ಒಂದೇ: ಅಡಿಕೆಯ ಟ್ಯಾನಿನ್ನು ಕ್ಷಾರ ಸೋಕಿದಾಗ ಕೆಂಪಾಗುತ್ತದೆ. ಬಿಸಿ ಆರದಂತೆ ಮುಚ್ಚಿಟ್ಟು ಕಾದರೆ, ಕಲೆಯಿದ್ದ ಕಡೆ ನೂಲಿನ ಎಳೆಯುದ್ದಕ್ಕೂ ಸಣ್ಣ ಗುಳ್ಳೆಗಳು ಸಾಲಾಗಿ ಕೂರುತ್ತವೆ, ಕಲೆಯ ಅಂಚು ಮೊದಲು ತೆಳುವಾಗುತ್ತದೆ, ನಡುವಿನ ಗಟ್ಟಿ ಭಾಗ ಕೆಂಪಿನಿಂದ ಕಿತ್ತಳೆಗೆ, ಅಲ್ಲಿಂದ ಹುಲ್ಲಿನ ಹಳದಿಗೆ ಇಳಿಯುತ್ತದೆ, ಬಕೆಟ್ಟಿನ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಚೆಲ್ಲಿ, ಹೊಸ ಬಿಸಿನೀರು ಮತ್ತು ಹೊಸ ಪುಡಿಯೊಂದಿಗೆ ಇನ್ನೊಮ್ಮೆ ನೆನೆಸಿದರೆ ಹಳದಿಯೂ ಬಹುಮಟ್ಟಿಗೆ ಹೋಗುತ್ತದೆ. ಅಂಚಿನ ಹೊಲಿಗೆಯಲ್ಲಿ, ಬಟ್ಟೆ ಎರಡು ಮೂರು ಪದರವಾಗಿರುವಲ್ಲಿ ಮಾತ್ರ ಮಾಸಲು ಗೆರೆ ಉಳಿಯುತ್ತದೆ. ಅದನ್ನು ಬಿಸಿಲಿಗೆ ಬಿಡುವುದೇ ಸರಿ. ಸುಗ್ಗಿಯಲ್ಲಿ ಬಿದ್ದು ವರ್ಷ ಕಳೆದ ಕಲೆಗಳೂ ಈ ಕ್ರಮಕ್ಕೆ ಬಗ್ಗುತ್ತವೆ ಎಂಬುದು ನನಗೆ ಇದರಲ್ಲಿ ಮೆಚ್ಚುಗೆಯಾದ ಅಂಶ.

ಬಾಳೆಯ ಸೊನೆಯೂ ಸ್ವಭಾವದಲ್ಲಿ ಇದಕ್ಕೆ ನೆಂಟನೇ. ಗೊನೆ ಕಡಿಯುವಾಗ ಹನಿದದ್ದು ಆ ಹೊತ್ತಿನಲ್ಲಿ ನೀರಿನಂತೆ ಕಂಡು, ಮರುದಿನಕ್ಕೆ ಕಂದಾಗಿ, ಒಗೆದಷ್ಟೂ ಕಪ್ಪಾಗುವ ಈ ಕಲೆಗೆ ಪುಡಿ ಅರ್ಧ ಗೆಲುವಷ್ಟೇ ಕೊಡುತ್ತದೆ. ಹಸಿಯಿರುವಾಗಲೇ ನೆನೆಸಿದರೆ ಚೆನ್ನಾಗಿ ಬಿಡುತ್ತದೆ. ತಿಂಗಳು ದಾಟಿದ್ದು ತಿಳಿಯಾಗುತ್ತದೆಯೇ ಹೊರತು ಅಳಿಯುವುದಿಲ್ಲ. ಕಾಫಿ, ಚಹಾ, ಮಾವಿನಹಣ್ಣು, ಕೋಕಂ ಹಣ್ಣಿನ ರಸಗಳೆಲ್ಲ ಇದರ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅರಿಶಿನ ಸೋಪು ತಾಗಿದಾಗ ಕೆಂಪಾಗಿ ಹೆದರಿಸುವುದು ಎಲ್ಲರೂ ಕಂಡದ್ದೇ, ಈ ನೀರಿನಲ್ಲಿಯೂ ಹಾಗೆಯೇ ಆಗುತ್ತದೆ. ಆದರೆ ಅದಕ್ಕೆ ಬಿಸಿಲಿಗಿಂತ ಅಗ್ಗದ ಔಷಧವಿಲ್ಲ, ಒದ್ದೆ ಬಟ್ಟೆಯನ್ನು ಅಂಗಳದಲ್ಲಿ ಹರಡಿದರೆ ಒಂದೆರಡು ಬಿಸಿಲಿಗೆ ತಾನಾಗಿ ಮಾಸುತ್ತದೆ. ಬಿಸಿಲೇ ಇಲ್ಲದ ಆಷಾಢದಲ್ಲಿ ಮಾತ್ರ ಪುಡಿಯ ಮೊರೆ ಹೋಗಬಹುದು.

ಮಳೆಗಾಲದ ಪ್ರಸ್ತಾಪ ಬಂದಿದ್ದರಿಂದ ಬೂಸ್ಟಿನ ಬಗ್ಗೆ. ಆಗುಂಬೆ, ಹುಲಿಕಲ್ ಸೀಮೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಮರದ ಕಪಾಟಿನೊಳಗೆ ಮಡಿಸಿಟ್ಟ ಬಿಳಿ ಅಂಗಿಯ ಕಾಲರಿಗೆ ಕರಿ ಚುಕ್ಕೆ ಬೀಳದ ಮನೆ ನಮ್ಮ ಕಡೆ ಸಿಗುವುದು ಕಷ್ಟ. ಪುಡಿಯಲ್ಲಿ ನೆನೆಸಿದರೆ ಮುಗ್ಗಲು ವಾಸನೆ ಪೂರ್ತಿ ಹೋಗುತ್ತದೆ, ಬಟ್ಟೆಯ ಮೇಲ್ಮೈಯಲ್ಲಿದ್ದ ಬೂಸ್ಟು ಹೋಗುತ್ತದೆ, ನೂಲಿನೊಳಗೆ ಬೇರೂರಿದ ಕರಿ ಚುಕ್ಕೆಗಳು ಬೂದು ಬಣ್ಣಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತವೆ. ಕ್ಲೋರಿನ್ ಬ್ಲೀಚು ಈ ಚುಕ್ಕೆಗಳ ಮೇಲೆ ಇದಕ್ಕಿಂತ ಗಟ್ಟಿಗ ಎಂಬುದನ್ನು ಒಪ್ಪಲೇಬೇಕು. ಆದರೆ ಅದು ನೂಲನ್ನೂ ತಿನ್ನುತ್ತದೆ, ಬಣ್ಣವನ್ನೂ ತೆಗೆಯುತ್ತದೆ. ಬಚ್ಚಲ ನೀರು ನೇರವಾಗಿ ಹಿತ್ತಲಿನ ಬಾಳೆಬುಡಕ್ಕೆ ಹರಿಯುವ ಮನೆಗಳಲ್ಲಿ ಅದನ್ನು ಬಳಸಲು ನನಗೆ ಮನಸ್ಸಿಲ್ಲ. ಆಕ್ಸಿಜನ್ ಬ್ಲೀಚಿನಲ್ಲಿ ಕೆಲಸ ಮುಗಿದ ಮೇಲೆ ಉಳಿಯುವುದು ಸೋಡಾ ನೀರು. ಅದು ಕೂಡ ದಿನವೂ ಒಂದೇ ಬುಡಕ್ಕೆ ಬೀಳುವುದು ಮಣ್ಣಿಗೆ ಒಳ್ಳೆಯದಲ್ಲವಾದ್ದರಿಂದ ನಾವು ಅಂಥ ನೀರನ್ನು ಬೇರೆ ಕಡೆ ಚೆಲ್ಲುತ್ತೇವೆ. ಎರಡು ಬ್ಲೀಚುಗಳನ್ನು, ಅಥವಾ ಬ್ಲೀಚು ಮತ್ತು ಆಸಿಡ್ಡನ್ನು ಒಂದೇ ಬಕೆಟ್ಟಿನಲ್ಲಿ ಬೆರೆಸುವ ಸಾಹಸವನ್ನು ಯಾರೂ ಮಾಡಬಾರದು.

ಉಂಬಳ ಕಚ್ಚಿದ ರಕ್ತದ ಕಲೆಗೆ ಅಂಗಡಿಯವರು ಇದನ್ನು ‘ಬಿಸಿನೀರಲ್ಲಿ ಹಾಕಿ ಸಾರ್, ಹೋಗುತ್ತೆ’ ಎಂದು ಧಾರಾಳವಾಗಿ ಹೇಳುತ್ತಾರೆ. ಅದು ಸರಿಯಲ್ಲ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿರುವುದರಿಂದ ಅದು ಬಿಟ್ಟ ಮೇಲೂ ಗಾಯ ಬಹಳ ಹೊತ್ತು ಜಿನುಗಿ ಪ್ಯಾಂಟಿನ ಕಾಲು, ಸಾಕ್ಸು ಎಲ್ಲ ತೊಯ್ದಿರುತ್ತವೆ. ರಕ್ತದಲ್ಲಿರುವ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರಿನಲ್ಲಿ ಎಷ್ಟು ಬಿಡುತ್ತದೋ ಅಷ್ಟನ್ನು ಬಿಡಿಸಿ, ಕಿಣ್ವವಿರುವ ಸೋಪಿನ ಪುಡಿಯಲ್ಲಿ ನೆನೆಸಿ, ಆಮೇಲೂ ಕಂದು ಛಾಯೆ ಉಳಿದರೆ ಮಾತ್ರ ಈ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಬಳಸಬೇಕು.

ಇನ್ನು ಇದು ಸೋಲುವ ಕಡೆ. ಹಲಸಿನ ಮೇಣಕ್ಕೆ ಇದರಿಂದ ಕೂದಲೆಳೆಯಷ್ಟೂ ಪ್ರಯೋಜನವಿಲ್ಲ. ಮೇಣ ನೀರಿಗೆ ಕರಗುವ ವಸ್ತುವಲ್ಲ. ನೆನೆಸಿದ ಬಟ್ಟೆಯಲ್ಲಿ ಮೇಣ ಬೆಳ್ಳಗಾಗಿ, ಇನ್ನಷ್ಟು ಬಿರುಸಾಗಿ ಹಾಗೆಯೇ ಕೂತಿರುತ್ತದೆ. ಅದಕ್ಕೆ ಅಜ್ಜಿಯಂದಿರ ಕೊಬ್ಬರಿ ಎಣ್ಣೆಯೇ ಗತಿ: ಎಣ್ಣೆ ಹಚ್ಚಿ ಮೆತ್ತಗಾಗಲು ಬಿಟ್ಟು, ಮೊಂಡು ಚಮಚದ ಅಂಚಿನಿಂದ ಹೆರೆದು, ಉಳಿದ ಎಣ್ಣೆಜಿಡ್ಡನ್ನು ಪಾತ್ರೆ ತೊಳೆಯುವ ಸೋಪಿನಿಂದ ತೆಗೆಯಬೇಕು. ಒಣಗಿ ಗಟ್ಟಿಯಾದ ಆಯಿಲ್ ಪೇಂಟಿಗೂ ಈ ಪುಡಿಯಿಂದ ಉಪಯೋಗವಿಲ್ಲ.

ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಉಡುವ ಬಟ್ಟೆಯನ್ನಂತೂ ಇದರ ಹತ್ತಿರವೂ ತರಬಾರದು. ಬೋರ್ಡೋ ದ್ರಾವಣವೆಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದು ಒಣಗಿ ಬಟ್ಟೆಯ ಮೇಲೆ ನೀಲಿ ಹಸಿರು ಗೀರಾಗಿ ಉಳಿಯುವುದು ತಾಮ್ರದ ಸಂಯುಕ್ತವೇ ಆದ್ದರಿಂದ, ಮೇಲೆ ಹಂಡೆಯ ವಿಷಯದಲ್ಲಿ ಹೇಳಿದ್ದು ಇಲ್ಲಿಯೂ ನಡೆಯುತ್ತದೆ. ಪುಡಿ ಸುಮ್ಮನೆ ನೊರೆಗುಟ್ಟಿ ವ್ಯರ್ಥವಾಗುತ್ತದೆ, ಕಲೆ ಕದಲುವುದಿಲ್ಲ. ನಿಂಬೆಹುಳಿ ಅಥವಾ ವಿನೆಗರಿನಂಥ ಹುಳಿ ಪದಾರ್ಥಕ್ಕೆ ಅದೇ ಕಲೆ ಸಲೀಸಾಗಿ ಕರಗುತ್ತದೆ. ಕಬ್ಬಿಣದ ತುಕ್ಕಿನ ಕಲೆಗೂ ಹುಳಿಯೇ ಮದ್ದು, ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಡುವ ಹಳೆಯ ಕ್ರಮವೇ ಸಾಕು. ತುಕ್ಕಿದ್ದ ಬಟ್ಟೆಯನ್ನು ಬಿಸಿ ಪೆರಾಕ್ಸೈಡಿನಲ್ಲಿ ನೆನೆಸಿದರೆ ಕಬ್ಬಿಣವಿದ್ದ ಜಾಗದಲ್ಲೇ ಕ್ರಿಯೆ ವಿಪರೀತವಾಗಿ ನೂಲು ಸವೆದು, ಮುಂದೊಂದು ದಿನ ಅಲ್ಲಿ ತೂತು ಬೀಳುತ್ತದೆ. ಕೆಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದಂಶ ಹೆಚ್ಚಿದ್ದು, ಬಿಳಿ ಬಟ್ಟೆಯೆಲ್ಲ ಕೆಮ್ಮಣ್ಣಿನ ಛಾಯೆಗೆ ತಿರುಗುತ್ತದೆ. ಅಂಥ ನೀರಿರುವವರು ಈ ಪುಡಿಗೆ ಬಾವಿಯ ನೀರನ್ನೋ ಮಳೆನೀರನ್ನೋ ಹಿಡಿದಿಟ್ಟುಕೊಳ್ಳುವುದು ಒಳ್ಳೆಯದು.

ರೇಷ್ಮೆ ಸೀರೆಗೆ, ಉಣ್ಣೆಯ ಶಾಲಿಗೆ ಇದನ್ನು ಸೋಕಿಸಲೇಬಾರದು. ಎರಡೂ ಪ್ರಾಣಿಜನ್ಯ ನೂಲುಗಳಾದ್ದರಿಂದ ಕ್ಷಾರಕ್ಕೆ ಹಾಳಾಗುತ್ತವೆ. ಚೊಗರು, ನೀಲಿ, ದಾಳಿಂಬೆ ಸಿಪ್ಪೆ ಮುಂತಾದ ಸಹಜ ಬಣ್ಣ ಕಟ್ಟಿದ ಕೈಮಗ್ಗದ ಬಟ್ಟೆಗೂ ಇದು ಶತ್ರು. ಚರಕದ ಜುಬ್ಬದ ಮೇಲೆ ಚೊಗರಿನ ಕಲೆ ಬಿದ್ದರೆ ಕಲೆಯೂ ಬಣ್ಣವೂ ಒಂದೇ ಮೂಲದವಾದ್ದರಿಂದ ಪುಡಿಗೆ ಅವುಗಳ ನಡುವೆ ಭೇದ ತಿಳಿಯುವುದಿಲ್ಲ! ಸಾಧಾರಣ ಮಿಲ್ಲಿನ ಬಣ್ಣದ ಹತ್ತಿಬಟ್ಟೆ, ಪಾಲಿಯೆಸ್ಟರು ತಡೆದುಕೊಳ್ಳುತ್ತವೆಯಾದರೂ ಒಳಮಡಿಕೆಯಲ್ಲಿ ಒಮ್ಮೆ ಪರೀಕ್ಷಿಸಿ ಮುಂದುವರಿಯುವುದು ಕ್ಷೇಮ. ಬರಿಗೈಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಉರಿ ಶುರುವಾಗುತ್ತದೆ, ರಬ್ಬರಿನ ಕೈಗವಸು ಇರಲಿ.

ಅಂಗಡಿಯ ಬಗ್ಗೆ ನನ್ನ ತಕರಾರು ಒಂದೇ. ಬಿಡಿ ಪೊಟ್ಟಣದ ಮೇಲೆ ತಯಾರಾದ ದಿನಾಂಕವಾಗಲಿ, ಒಳಗಿರುವುದು ಏನೆಂಬುದಾಗಲಿ ಇರಲಿಲ್ಲ. ಕೇಳಿದರೆ ‘ಹೊಸ ಮಾಲು’ ಎಂಬ ಉತ್ತರವಷ್ಟೇ ಬಂತು. ಈ ಪುಡಿಯಲ್ಲಿ ಹಳತು ಹೊಸತರ ವ್ಯತ್ಯಾಸ ದೊಡ್ಡದು, ಏಕೆಂದರೆ ತೇವ ತಾಗಿದರೆ ಪೆರಾಕ್ಸೈಡ್ ತಾನಾಗಿ ಹಾರಿಹೋಗಿ ಬರಿಯ ಸೋಡಾ ಉಳಿಯುತ್ತದೆ, ಕಣ್ಣಿಗೆ ಮಾತ್ರ ಹಾಗೆಯೇ ಕಾಣುತ್ತದೆ. ಲೋಟದ ಬಿಸಿನೀರಿಗೆ ಒಂದು ಚಿಟಿಕೆ ಹಾಕಿ ನೋಡಿದರೆ ಗೊತ್ತಾಗುತ್ತದೆ: ಜೀವವಿರುವ ಪುಡಿ ತಳದಿಂದ ಎಡೆಬಿಡದೆ ಸಣ್ಣ ಗುಳ್ಳೆ ಬಿಡುತ್ತದೆ, ಸತ್ತದ್ದು ಸುಮ್ಮನೆ ಕರಗುತ್ತದೆ. ಇದೇ ಕಾರಣಕ್ಕೆ ಕರಗಿಸಿದ ನೀರನ್ನು ನಾಳೆಗೆಂದು ಎತ್ತಿಡುವುದರಲ್ಲಿ ಅರ್ಥವಿಲ್ಲ. ಬಾಟಲಿಗೆ ತುಂಬಿ ಬಿರಡೆ ಬಿಗಿದರೆ ಗಾಳಿಯ ಒತ್ತಡಕ್ಕೆ ಬಾಟಲಿ ಸಿಡಿಯಲೂಬಹುದು. ಒಣಗಿದ ಪ್ಲಾಸ್ಟಿಕ್ ಡಬ್ಬದಲ್ಲಿ, ಒದ್ದೆ ಚಮಚ ಮುಟ್ಟಿಸದೆ, ಬಚ್ಚಲಿನಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಇಟ್ಟರೆ ಬೇಸಿಗೆಯುದ್ದಕ್ಕೂ ಬಾಳುತ್ತದೆ. ಮಳೆಗಾಲಕ್ಕೆ ಮುಂಚೆ ಐದು ಕಿಲೋ ತಂದು ದಾಸ್ತಾನು ಮಾಡುವುದು ನಮ್ಮ ಸೀಮೆಯ ಹವೆಗೆ ಹೊಂದುವುದಿಲ್ಲ. ದೀಪಾವಳಿಯ ಹೊತ್ತಿಗೆ, ಸುಲಿಗೆ ಶುರುವಾಗುವಾಗ, ಅಂಗಡಿಯಲ್ಲಿಯೇ ಚಿಟಿಕೆ ಪುಡಿಯನ್ನು ಬಿಸಿನೀರಿಗೆ ಹಾಕಿಸಿ ನೋಡಿ ಒಂದು ಕಿಲೋ ತಂದರೆ ಒಂದು ಮನೆಯ ಸುಗ್ಗಿಗೆ ಸಾಕು.